ನೀರುಕಾಗೆಯ ದಾರ

ಮಾನ್ವಿಯಲ್ಲಿ ಮಧ್ಯಾಹ್ನ ಹಿಡಿದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ರಾಯಚೂರು ರಸ್ತೆಯ ಮೇಲಿನ ಜಂಬಣ್ಣನವರ ಅಕ್ಕಿ ಗಿರಣಿ ಇದ್ದಕ್ಕಿದ್ದಂತೆ ಸುಮ್ಮನಾಯಿತು. ಗಿರಣಿ ನಿಂತಿತೆಂದರೆ ಕರೆಂಟು ಹೋಯಿತೆಂದು ಅರ್ಥ. ಗಿರಣಿಗೆ ಬೆನ್ನು ಹಚ್ಚಿಕೊಂಡೇ ಇದ್ದ ಆ ಮನೆಯಲ್ಲಿ ಯಾರೂ ಬಲ್ಬಿನ ಕಡೆ ತಲೆ ಎತ್ತಿ ನೋಡುತ್ತಿರಲಿಲ್ಲ. ತೊಯ್ದ ತೌಡಿನ ವಾಸನೆ ಪಡಸಾಲೆಗೆ ಬಂದು ಕೂತಿತು.

ಪಡಸಾಲೆಯಲ್ಲಿ ನಾಲ್ವರು ಹೆಂಗಸರಿದ್ದರು. ಗೋಡೆಗೊರಗಿ ಕೂತವರು ಜಂಬಣ್ಣನವರ ಹೆಂಡತಿ ಬಸವಂತಮ್ಮ. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ಮಗ ಶಿವರಾಜ ನೋಡಿಕೊಳ್ಳುತ್ತಿದ್ದ; ಅವನು ಆ ದಿನ ರಾಯಚೂರಿಗೆ ಹೋದವನು ಮಳೆಗೆ ಅಲ್ಲೇ ಸಿಕ್ಕಿಕೊಂಡಿದ್ದ. ಬಸವಂತಮ್ಮನ ಪಕ್ಕದಲ್ಲಿ ಸೊಸೆ ಶಿವಗಂಗಾ. ಎದುರಿಗೆ, ಹೊಲಿದ ಕುಪ್ಪಸ ಕೊಡಲು ಬಂದು ಹೊರಗೆ ಹೋಗಲಾರದೆ ಉಳಿದ ಓಣಿಯ ದರ್ಜಿ ವಾಹಿದಾ. ಒಳಬಾಗಿಲ ಹೊಸ್ತಿಲ ಮೇಲೆ ಅಡುಗೆಯ ವೆಂಕಮ್ಮ.

ಶಿವಗಂಗಾಳಿಗೆ ದೇವದುರ್ಗದ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರ ಹೋಗುವುದಿತ್ತು. ಅಲ್ಲಿ ಮನೆಯೂ ನೋಡಿಯಾಗಿತ್ತು. ಅತ್ತೆ ಬೇಡ ಅನ್ನಲಿಲ್ಲ. ಹೌದು ಅಂತಲೂ ಅನ್ನಲಿಲ್ಲ. ಜಗಳ ಮಾಡಿದ್ದರೆ ಶಿವಗಂಗಾ ಉತ್ತರ ಕೊಡುತ್ತಿದ್ದಳು. ಈ ಸುಮ್ಮನಿರುವಿಕೆಗೆ ಏನು ಉತ್ತರ ಕೊಡುವುದು? ಇದರ ಹಿಂದೆ ಏನೋ ಇದೆ ಎಂದು ಅವಳಿಗೆ ಮೊದಲ ದಿನದಿಂದಲೇ ಅನ್ನಿಸಿತ್ತು. ಆ ಗಂಜಿಯ ಹಿಂದೆಯೂ.

ಬಸವಂತಮ್ಮ ಗಂಜಿಯೊಂದನ್ನೇ ಕುಡಿಯುತ್ತಿದ್ದರು. ಶಿವಗಂಗಾ ಮದುವೆಯಾಗಿ ಬಂದಾಗಿನಿಂದ ಅಷ್ಟೇ. ಹಲ್ಲು ಸರಿ ಇಲ್ಲ ಎನ್ನುತ್ತಿದ್ದರು. ಆದರೆ ಅದೇ ಹಲ್ಲಿನಿಂದ ಗೋಟಡಿಕೆ ಕಟಕ್ಕೆಂದು ಒಡೆದು, ಅಗಿದು, ಉಗುಳುತ್ತಿದ್ದುದನ್ನು ಶಿವಗಂಗಾ ಕಣ್ಣಾರೆ ಕಂಡಿದ್ದಳು. ಹಾಗಾದರೆ ರೊಟ್ಟಿಗೆ ಏನಾಗಿತ್ತು? ಊರಲ್ಲಿ ಮಾತ್ರ ಬೇರೆ ಮಾತು ಓಡಾಡುತ್ತಿತ್ತು. ಗಿರಣಿ ತುಂಬ ಅಕ್ಕಿ ಇಟ್ಟುಕೊಂಡು ಸೊಸೆ ಅತ್ತೆಗೆ ನುಚ್ಚಿನ ಗಂಜಿ ಹಾಕುತ್ತಾಳೆ ಅಂತ.

ವಾಹಿದಾ ಅದನ್ನೇ ಎತ್ತಿದಳು.

"ಏನಬೇ ಶಿವಗಂಗಾ, ದೇವದುರ್ಗಕ್ಕ ಹ್ವಾದ ಮ್ಯಾಲೆ ಅತ್ತಿಗಿ ಗಂಜಿ ಬಸ್ಸಿಗಿ ಹಾಕಿ ಕಳಸ್ತೀಯೇನು? ಡಬ್ಬಿ ಮುಚ್ಚಳ ಗಟ್ಟಿ ಹಾಕು ಮತ್ತ. ರಸ್ತಾ ಭಾಳ ಖರಾಬ್ ಅದ."

ವೆಂಕಮ್ಮ ಸೆರಗಿನಲ್ಲಿ ನಕ್ಕಳು. ಬಸವಂತಮ್ಮ ನಗಲಿಲ್ಲ. ಕತ್ತಲಲ್ಲಿ ಸೊಸೆಯ ಕಡೆ ಬೆನ್ನು ತಿರುಗಿಸಿ, ಕೊರಳ ಸುತ್ತ ಯಾವಾಗಲೂ ಹೊದ್ದಿರುತ್ತಿದ್ದ ಸೆರಗನ್ನು ಸ್ವಲ್ಪ ಇಳಿಸಿದರು.

"ಹಿಂದ ಏನೋ ಚುಚ್ಚಾಕತ್ತದ ನೋಡವ್ವಾ. ಕುಪ್ಪಸದ ದಾರ ಬಿಟ್ಟದೋ ಏನೋ."

"ನಾ ಹೊಲಿದ ಕುಪ್ಪಸ ದಾರ ಬಿಡಂಗಿಲ್ರೀ," ಎಂದಳು ವಾಹಿದಾ, ಸ್ವಲ್ಪ ಸಿಟ್ಟಿನಿಂದಲೇ.

ಶಿವಗಂಗಾ ಕೈಯಾಡಿಸಿದಳು. ಕೊರಳ ಹಿಂದೆ, ಹೆಡಕಿನ ಮೇಲೆ ಒಂದು ದಾರ ಬೆರಳಿಗೆ ಸಿಕ್ಕಿತು. ಒದ್ದೆಯಾಗಿತ್ತು, ಹೊಲಿಗೆಯ ದಾರಕ್ಕಿಂತ ಒರಟು. ಎಳೆದಳು, ಬರಲಿಲ್ಲ. ಕತ್ತಲಲ್ಲಿ ಕತ್ತರಿ ಯಾರು ಹುಡುಕಬೇಕು ಎಂದು ಬೆರಳಿಗೆ ಸುತ್ತಿಕೊಂಡು ತಿರುವಿದಳು. ಒಣಹುಲ್ಲಿನಂತೆ ಪಟ್ಟನೆ ಹರಿಯಿತು. ಕೈ ಝಾಡಿಸಿ ಸೀರೆಗೆ ಒರೆಸಿಕೊಂಡಳು.

ಬಸವಂತಮ್ಮ ಗಂಟಲ ಮೇಲೆ ಕೈಯಿಟ್ಟುಕೊಂಡು ಉಗುಳು ನುಂಗಿದರು. ಆ ಸದ್ದು ಮಳೆಯಲ್ಲೂ ಕೇಳಿಸಿತು.

"ವೆಂಕಮ್ಮ, ದೀಪಾ ಹಚ್ಚು. ಹಚ್ಚಿ ನೀನೂ ಬಂದು ಕೂಡು," ಎಂದರು. "ನಿಮಗ ಯಾರಿಗೂ ನಾ ಜಪಾನಿನ ಮಾತು ಹೇಳೇ ಇಲ್ಲ."

ಇದು ಶಿವಗಂಗಾಳಿಗೆ ಹೊಸದು. ಅತ್ತೆ ಮಾವ ಜಪಾನಿಗೆ ಹೋಗಿ ಬಂದದ್ದು ಓಣಿಗೆಲ್ಲ ಗೊತ್ತಿತ್ತು. ಆದರೆ ಯಾರು ಎಷ್ಟು ಕೇಳಿದರೂ ಬಸವಂತಮ್ಮ ಆ ಬಗ್ಗೆ ತುಟಿ ಬಿಚ್ಚುತ್ತಿರಲಿಲ್ಲ. ಇವತ್ತು ಯಾಕೆ? ವೆಂಕಮ್ಮ ತಂದಿಟ್ಟ ದೀಪದ ಬೆಳಕಿನಲ್ಲಿ ಅವಳು ಅತ್ತೆಯ ಮುಖ ನೋಡಿದಳು. ಆ ಮುಖ ಹಗುರಾಗಿತ್ತು. ಅದು ಅವಳಿಗೆ ಸೇರಲಿಲ್ಲ.

ಬಸವಂತಮ್ಮ ಶುರು ಮಾಡಿದರು.

"ನಮ್ಮ ಗಿರಣ್ಯಾಗ ಅಕ್ಕಿ ಆರಿಸೋ ಮಶೀನು ಅದಲ್ಲ... ಕರೀ ಕಾಳು ಕಂಡ ಕೂಡಲೇ ಉಫ್ ಅಂತ ಊದಿ ಒಗೀತದಲ್ಲ, ಅದನ್ನ ಮಾರೋ ಕಂಪನಿಯವ್ರು ಒಂದು ವರ್ಷ ನಮ್ಮ ಕಡಿ ಗಿರಣಿ ಮಾಲಕರನ್ನ ಹೆಂಡ್ರ ಸಮೇತ ಜಪಾನಿಗಿ ಕರ್ಕೊಂಡು ಹ್ವಾದ್ರು. ಕರೋನಾ ಬರೂಕಿಂತ ಮುಂಚಿನ ಮಾತು. ರಾಯಚೂರಿನವ್ರು ಇದ್ರು, ಸಿಂಧನೂರಿನವ್ರು ಇದ್ರು, ಮಾನ್ವಿಯಿಂದ ನಾವಿಬ್ರು. ನಾ ಏನು ಮಾಡಿದೆ... ಅರಿವಿ ಬಟ್ಟಿಗಿಂತ ಹೆಚ್ಚು ರೊಟ್ಟಿ ಕಟ್ಕೊಂಡೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಆ ದೇಶದಾಗ ನೀರಿನ್ಯಾಗೂ ಮೀನದ ವಾಸನಿ ಇರ್ತದಂತ ಯಾರೋ ಹೆದರಿಸಿದ್ರು ನನಗ.

ಒಂದಿನ ಸಂಜಿಮುಂದ ಹೊಳಿಗಿ ಕರ್ಕೊಂಡು ಹ್ವಾದ್ರು. ಉದ್ದಾನ ದೋಣಿ, ಮ್ಯಾಲೆ ಚಪ್ಪರ, ಕೆಳಗ ಚಾಪಿ, ಸುತ್ತ ಕಾಗದದ ದೀಪ. ಚಪ್ಪಲಿ ಬಿಟ್ಟು ಒಳಗ ಕುಂದರಬೇಕು, ಗುಡ್ಯಾಗ ಕುಂತಂಗ. ಎಲ್ಲಾರ ಮುಂದ ತಾಟು ಇಟ್ರು. ಏನದು ಅಂದೆ. ಮೀನ ಅಂದ್ರು. ಇದರಾಗ? ಅದರಾಗೂ ಮೀನ. ನಾ ಸುಮ್ಮ ರೊಟ್ಟಿ ಗಂಟು ಬಿಚ್ಚಿದೆ. ನಮ್ಮ ಮನಿಯವ್ರು ನಕ್ರು... ನಕ್ಕು ತಾವೂ ಒಂದು ಮುರಕೊಂಡ್ರು. ಅವತ್ತ ಅವರು ಮುರಿದ ತುತ್ತು ನೋಡಬೇಕಿತ್ತು ನೀವು. ಅಂಗೈಯಷ್ಟು.

ಆಮ್ಯಾಲೆ ದೋಣಿ ದೀಪಾ ಎಲ್ಲಾ ಆರಿಸಿದ್ರು. ಹೊಳಿ ಕರ್ರಗ ಆತು. ದೂರದಿಂದ ಬೆಂಕಿ ಬಂತು ನೋಡ್ರಿ... ನೀರಿನ ಮ್ಯಾಲೆ ಬೆಂಕಿ ನಡಕೊಂಡು ಬಂದಂಗ. ಹತ್ರ ಬಂದ ಮ್ಯಾಲೆ ಕಾಣ್ತು, ಅದೊಂದು ಸಣ್ಣ ದೋಣಿ, ಮುಂದ ಕಬ್ಬಿಣದ ಬುಟ್ಟ್ಯಾಗ ಕಟ್ಟಿಗಿ ಉರ್ಯಾಕತ್ತಿತ್ತು, ಕಿಡಿ ನೀರಿಗಿ ಬಿದ್ದು ಚುಂಯ್ ಅನ್ನೋದು. ನಿಂತಾಂವ ಕರೀ ಅಂಗಿ ಹಾಕಿದ್ದ, ಸೊಂಟಕ್ಕ ಹುಲ್ಲಿನ ಲಂಗದಂಥಾದ್ದು ಕಟ್ಟಿದ್ದ. ಎಡಗೈಯಾಗ ಒಂದು ಹಿಡಿ ದಾರ. ಒಂದೊಂದು ದಾರದ ತುದಿಗಿ ಒಂದೊಂದು ಹಕ್ಕಿ. ಯಾವ ಹಕ್ಕಿ ಅಂತೀರಿ? ನಮ್ಮ ತುಂಗಭದ್ರಿಯೊಳಗ, ಹಿರೇಕೊಟ್ನೆಕಲ್ ಕಡಿ ಕೆರ್ಯಾಗ ಮುಳುಗಿ ಏಳ್ತಾವಲ್ಲ... ನೀರುಕಾಗಿ. ಅವೇ. ಅಲ್ಲಿವು ಇನ್ನಷ್ಟು ದೊಡ್ಡವು.

ಹಕ್ಕಿ ಮುಳುಗ್ತದ, ಮೀನ ಹಿಡೀತದ, ಮ್ಯಾಲೆ ಬರ್ತದ. ಆದರ ನುಂಗಾಕ ಬರಂಗಿಲ್ಲ. ಯಾಕಂದ್ರ ಕೊರಳಿಗಿ ದಾರ ಕಟ್ಟಿರ್ತಾರ. ಸಣ್ಣ ಮೀನ ಆದ್ರ ಇಳೀತದ, ದೊಡ್ಡದು ಗಂಟಲದಾಗ ನಿಂದರ್ತದ. ಅಂವ ದಾರ ಜಗ್ಗಿ ಹಕ್ಕಿನ ಮ್ಯಾಲೆ ತಗೊಂಡು, ಕೊರಳ ಒತ್ತಿ, ಪಟ್ಟನ ಬುಟ್ಟಿಗಿ ಉಗುಳಿಸ್ತಾನ. ಮತ್ತ ನೀರಿಗಿ ಬಿಡ್ತಾನ. ಮಂದಿ ಎಲ್ಲಾ ಚಪ್ಪಾಳಿ ಹೊಡದ್ರು. ನನಗ ಮಾತ್ರ... ಏನು ಹೇಳ್ಲಿ, ತಾನ ಹಿಡಿದದ್ದು ತನ್ನ ಬಾಯಾಗೇ ಅದ, ರುಚಿನೂ ಹತ್ತೇದ, ಹೊಟ್ಟಿಗಿ ಮಾತ್ರ ಇಲ್ಲ. ಅಂಥಾದ್ದು ಯಾವ ಜೀವಕ್ಕ ಬೇಕವ್ವಾ?"

ಬಸವಂತಮ್ಮ ನಿಲ್ಲಿಸಿ ಒಂದು ಲೋಟ ನೀರು ಕೇಳಿದರು. ವೆಂಕಮ್ಮ ಕೊಟ್ಟಳು. ಅವರು ಲೋಟವನ್ನು ಎತ್ತಿ ಗಟಗಟನೆ ಕುಡಿದು ಮುಗಿಸಿದರು. ದಿನಾ ನೀರನ್ನೂ ಗುಟುಕು ಗುಟುಕಾಗಿ ಕುಡಿಯುವವರು. ಶಿವಗಂಗಾ ಅದನ್ನು ನೋಡಿದಳು. ಇದೆಲ್ಲ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ತನಗೆ ಗೊತ್ತಿದೆ ಅಂದುಕೊಂಡಳು. ಗಂಟಲಿನ ಕತೆ ಹೇಳಿ, ಗಂಜಿಗೊಂದು ಕಾರಣ ಹೇಳಿ, ಕೊನೆಗೆ ಸಾಕ್ಷಿಗಳಿಬ್ಬರ ಮುಂದೆ, ಇಂಥವಳನ್ನು ಬಿಟ್ಟು ಹೋಗುತ್ತೀಯಾ ಎಂದು ಕೇಳುತ್ತಾರೆ. ವಾಹಿದಾ ನಾಳೆ ಓಣಿಗೆಲ್ಲ ಹಂಚುತ್ತಾಳೆ. ಕೇಳಲಿ. ಸೋಮವಾರ ಸೋಮವಾರವೇ.

"ನಮ್ಮ ಜೋಡಿ ಒಬ್ಬ ಹುಡುಗಿ ಇದ್ಲು, ಜಪಾನಿನಾಕಿ, ಹಿಂದಿ ಕಲ್ತಿದ್ಲು. ಇವರು ಆಕಿನ ಕೇಳಿದ್ರು... ದಾರ ನೀರಾಗ ಕಲ್ಲಿಗಿ ಸಿಕ್ಕೊಂಡ್ರ ಹಕ್ಕಿ ಸಾಯಂಗಿಲ್ಲೇನು ಅಂತ. ಆಕಿ ಅಂದ್ಲು, ಆ ದಾರದ ಗುಣಾನೇ ಬ್ಯಾರೆ, ಮರದ ನಾರಿನಿಂದ ಹೊಸೆದದ್ದು, ಆನಿ ಜಗ್ಗಿದ್ರೂ ಹರಿಯಂಗಿಲ್ಲ, ಉಲ್ಟಾ ತಿರುವಿದ್ರ ಒಣಹುಲ್ಲಿನಂಗ ಪಟ್ಟಂತ ಹರೀತದ. ಹಕ್ಕಿ ಸಿಕ್ಕೊಂಡಾಗ ಅಂವ ಹಂಗ ತಿರುವಿ ಬಿಟ್ಟುಬಿಡ್ತಾನಂತ."

ಶಿವಗಂಗಾಳ ಬೆರಳು ತಾನಾಗಿಯೇ ಮಡಚಿಕೊಂಡಿತು. ಅವಳಿಗೆ ಅದು ತಕ್ಷಣ ತಿಳಿಯಲಿಲ್ಲ.

"ಇವರಿಗಿ ಆ ಮಾತು ಭಾಳ ಸೇರ್ತು. ದೋಣಿ ಕಟಕಟಿಗಿ ಆನ್ಕೊಂಡು ಮುಂದಕ ಬಗ್ಗಿ ನೋಡಾಕತ್ರು. ಅಷ್ಟರಾಗ ಇವರ ಕೊರಳಾಗಿನ ಶಿವದಾರ ಹರೀತು... ಹಳೇದಾಗಿತ್ತು, ಬದಲಸ್ರಿ ಬದಲಸ್ರಿ ಅಂತ ನಾ ಎಷ್ಟು ಸಲ ಅಂದಿದ್ದೆ. ಲಿಂಗದ ಬೆಳ್ಳಿ ಕರಡಿಗಿ ಇನ್ನೇನು ಹೊಳಿಗಿ ಬೀಳಬೇಕು, ಎದಿಗಿ ಒತ್ತಿ ಹಿಡಕೊಂಡ್ರು. ವಾಹಿದಾ, ನಿನಗ ಗೊತ್ತಿಲ್ಲ... ಲಿಂಗ ನಮ್ಮ ಮೈಮ್ಯಾಲಿಂದ ಇಳೀಬಾರದು. ಕಿಸೇದಾಗ ಇಟ್ಕೋ ಅಂದ್ರ ಇಟ್ಕೋಳೋ ಮನಷ್ಯಾ ಅಲ್ಲ ಅವರು, ಅದಿಲ್ದ ಒಂದು ಹನಿ ನೀರು ಕುಡಿಯಂಗಿಲ್ಲ. ದಾರ ಕೊಡು, ದಾರ ಕೊಡು ಅಂದ್ರು. ಪರದೇಶದಾಗ, ನಡುಹೊಳ್ಯಾಗ, ಕತ್ತಲದಾಗ ದಾರ ಎಲ್ಲಿಂದ ತರ್ಲಿ? ಸೆರಗಿನ ಅಂಚು ಹರೀಬೇಕಂತ ಹಲ್ಲಿಗಿ ಹಚ್ಚಿದ್ದೆ ನಾನು. ಹಿಂದಿನಿಂದ ಒಂದು ಕೈ ಬಂತು.

ದೋಣಿ ತುದಿಗಿ ಒಬ್ಬ ಮುದುಕ ಕುಂತಿದ್ದ. ಅವನೂ ಕರೀ ಅಂಗಿಯಾಂವನೇ. ಅಂವನ ಮುಂದ ತಾಟು ಇರಲಿಲ್ಲ. ಅಂವ ಕುಂತ ಚಾಪಿ ಎಲ್ಲಾ ತೊಯ್ದಿತ್ತು. ಒಂದು ಗೇಣುದ್ದ ದಾರ ಇವರ ಮುಂದ ಹಿಡದ... ಇವರು ಕೈ ಮುಗದು ತಗೊಂಡ್ರು, ಕರಡಿಗಿ ಪೋಣಿಸ್ಕೊಂಡ್ರು, ಕೊರಳಿಗಿ ಕಟ್ಕೊಂಡ್ರು. ಗೇಣುದ್ದ ಇದ್ದದ್ದು ಕೊರಳ ತುಂಬ ಹೆಂಗ ಬಂತು? ಅದನ್ನ ಆವಾಗ ಯಾರು ವಿಚಾರ ಮಾಡ್ತಾರ?

ದಂಡಿಗಿ ಇಳದ ಮ್ಯಾಲೆ ದೀಪದ ಬೆಳಕಿನ್ಯಾಗ ಆ ಹುಡುಗಿ ಇವರ ಕೊರಳು ನೋಡಿ ನಿಂತುಬಿಟ್ಲು. ಇದು ಹಕ್ಕಿ ಕೊರಳಿಗಿ ಕಟ್ಟೋ ದಾರ, ನಿಮಗ ಯಾರು ಕೊಟ್ರು ಅಂದ್ಲು. ತುದಿಗಿ ಕುಂತ ಹಿರ್ಯಾಂವ ಅಂದ್ರು ಇವರು. ಆಕಿ ಹೊಳ್ಳಿ ದೋಣಿ ನೋಡಿದ್ಲು, ನಮ್ಮನ್ನ ನೋಡಿದ್ಲು... ಅಲ್ಲಿ ಯಾರೂ ಕುಂತಿರಲಿಲ್ರೀ, ಅಂದ್ಲು. ಆಮ್ಯಾಲೆ ಬಸ್ಸಿನ್ಯಾಗ ನಮ್ಮ ಬಾಜೂಕ ಕುಂದರಲೇ ಇಲ್ಲ ಆಕಿ."

"ಯಾ ಅಲ್ಲಾ," ಎಂದು ವಾಹಿದಾ ಮೆಲ್ಲಗೆ ಅಂದಳು. ಅವಳು ದೀಪದ ಹತ್ತಿರಕ್ಕೆ ಸರಿದು ಕೂತಿದ್ದಳು.

"ಊರಿಗಿ ಬಂದ್ವಿ. ಐನೋರು ಬಂದು ಹೊಸಾ ಶಿವದಾರ ಹಾಕಿದ್ರು. ಆ ದಾರ ಬಿಚ್ಚಿ ಕಿಡಿಕ್ಯಾಗ ಇಟ್ಟಿದ್ದೆ ನಾನು, ಬೆಳಗಾಗೂದ್ರಾಗ ಇರಲಿಲ್ಲ. ಕಾಗಿ ಒಯ್ದಿರಬೇಕು ಅಂದ್ರು ಇವರು. ಯಾವ ಕಾಗಿ ಅಂತ ನಾ ಕೇಳಲಿಲ್ಲ.

ಅವತ್ತಿನಿಂದ ಇವರ ತುತ್ತು ಸಣ್ಣದಾಗಾಕತ್ತು. ಮೊದಲು ಅರ್ಧ, ಆಮ್ಯಾಲೆ ಪಾವು, ಆಮ್ಯಾಲೆ ಜ್ವಾಳದ ಕಾಳಿನಷ್ಟು. ದೊಡ್ಡದು ಬಾಯಿಗಿ ಹಾಕಿದ್ರ ಗಂಟಲದಾಗ ನಿಂದರೋದು, ಹಂಗೇ ವಾಪಸ್ ಬರೋದು... ಅಗಿದದ್ದು, ರುಚಿ ನೋಡಿದ್ದು. ರಾಯಚೂರಿನ್ಯಾಗ ಗಂಟಲದಾಗ ನಳಿಗಿ ಬಿಟ್ಟು ನೋಡಿದ್ರು. ಏನೂ ಇಲ್ಲ, ಗಂಟಲಾ ಛಲೋ ಅದ ಅಂದ್ರು. ಮಾತಾಡ್ತಾ ಮಾತಾಡ್ತಾ ಇವರ ಕೊರಳು ಹಿಂಗ... ಒಂದು ಕಡಿ ಜಗ್ಗಿದಂಗ ಆಗೋದು. ಎದ್ದು ಹೋಗೋರು. ಎಲ್ಲಿಗ್ರೀ ಅಂದ್ರ ಹೊಳಿ ಕಡಿ ಅನ್ನೋರು. ಬರೋದ್ರಾಗ ತಲಿಗೂದಲು ತೊಯ್ದಿರೋದು. ಈಜಾಡಾಕ ಬರ್ತಿರಲಿಲ್ಲ ಅವರಿಗಿ, ಗೊತ್ತಲ್ಲ? ಬೆಳಿಗ್ಗೆ ಮಾಳಿಗಿ ಮ್ಯಾಲೆ ಹೋಗಿ ನೋಡಿದ್ರ, ಬಿಸಲಿಗಿ ಬೆನ್ನು ಕೊಟ್ಟು, ಎರಡೂ ಕೈ ಹಿಂಗ ಅಗಲ ಮಾಡ್ಕೊಂಡು ನಿಂತಿರೋರು. ಹಕ್ಕಿ ರೆಕ್ಕಿ ಒಣಗಸ್ದಂಗ. ನಮ್ಮಂಥಾ ಮನ್ಯಾಗ... ದಿಂಬು ಮೂಸಿದ್ರ ಮೀನದ ವಾಸನಿ."

ಮೀನಿನ ವಾಸನೆ ಎಂದಾಗ ವೆಂಕಮ್ಮ ತಲೆಯೆತ್ತಿ ಶಿವಗಂಗಾಳನ್ನು ನೋಡಿದಳು. ಶಿವಗಂಗಾ ಕಣ್ಣು ತಪ್ಪಿಸಿದಳು. ಅತ್ತೆಯ ಕೋಣೆಯಲ್ಲಿ ಆ ವಾಸನೆ ಬಂದಾಗಲೆಲ್ಲ ಅವಳು ವೆಂಕಮ್ಮನ ಮೇಲೆ ಸಂಶಯಪಟ್ಟಿದ್ದಳು. ತನ್ನ ಮನೆಯಲ್ಲಿ ಮೀನು ತಿಂದು ಬಂದು ಕೈ ಸರಿಯಾಗಿ ತೊಳೆಯುವುದಿಲ್ಲ ಎಂದು ಒಮ್ಮೆ ಬಾಯಿಬಿಟ್ಟೂ ಅಂದಿದ್ದಳು. ಮತ್ತು ಮಾಳಿಗೆ. ಈ ಬೇಸಿಗೆಯ ಒಂದು ಮುಂಜಾನೆ ಅತ್ತೆ ಮಾಳಿಗೆಯ ಮೇಲೆ ಎರಡೂ ಕೈ ಅಗಲಿಸಿ ನಿಂತದ್ದನ್ನು ಅವಳು ಕಂಡಿದ್ದಳು. ಸೀರೆ ಒಣಗಿಸುತ್ತಿದ್ದೇನೆ ಅಂದಿದ್ದರು. ಸೀರೆ ಎಲ್ಲಿತ್ತು ಎಂದು ಅವಳು ಕೇಳಿರಲಿಲ್ಲ. ಯಾರಿಗೂ ಹೇಳಿರಲೂ ಇಲ್ಲ, ಗಂಡನಿಗೂ.

"ಮನಷ್ಯಾ ಕಣ್ಣೆದುರಿಗೇ ಕರಗಾಕತ್ತಿದ್ರ ನೀವಾದ್ರ ಏನು ಮಾಡ್ತಿದ್ರಿ? ಇಂಥಾದ್ದ ಒಂದು ಮಳಿ ಸಂಜಿ. ತೊಯ್ಸ್ಕೊಂಡು ಬಂದು ಇಲ್ಲೇ, ಈ ಕಂಬದ ಹಂತೇಲಿ ಕುಂತ್ರು. ಟವೆಲ್ ತಗೊಂಡು ಹೆಡಕು ಒರಸಾಕತ್ತಿದ್ದೆ. ಬೆರಳಿಗಿ ದಾರ ಹತ್ತಿತು. ದೀಪಾ ಹತ್ರ ಹಿಡದು ನೋಡಿದ್ರ ಏನೂ ಇಲ್ಲ, ಬರೇ ಚರ್ಮ. ದೀಪಾ ಸರಿಸಿ ಕೈ ಇಟ್ರ... ಅದ. ಒದ್ದಿ ದಾರ, ಒರಟು ದಾರ. ಜಗ್ಗಿದೆ. ನಾ ಜಗ್ಗಿದೆ ನೋಡವ್ವಾ, ಆ ಕಡಿಯಿಂದ ಯಾರೋ... ಮೆಲ್ಲಗ... ವಾಪಸ್ ಜಗ್ಗಿದ್ರು.

ಕೈ ಬಿಡಲಿಲ್ಲ ನಾನು. ಆ ಹುಡುಗಿ ಅಂದ ಮಾತು ನೆನಪಾತು. ಬೆರಳಿಗಿ ಸುತ್ತಕೊಂಡು ಉಲ್ಟಾ ತಿರುವಿದೆ. ಪಟ್ ಅಂತು. ಇವರು ಹಿಂಗ ಗಂಟಲಾ ಮುಟ್ಕೊಂಡು ಉಗುಳು ನುಂಗಿದ್ರು. ಆ ರಾತ್ರಿ ಎಷ್ಟು ರೊಟ್ಟಿ ಉಂಡ್ರೋ ನಾ ಎಣಿಸಲಿಲ್ಲ, ಬಡಿಯೂದ್ರಾಗೇ ನನ್ನ ಕೈ ಸೋತ್ವು. ಅಲ್ಲಿಂದ ಕೊನಿ ತನಕ ಹೊಟ್ಟಿತುಂಬ ಉಂಡ್ರು. ಎದಿನೋವಿನಿಂದ ಹೋದದ್ದು, ಅದು ಬ್ಯಾರೆ ಮಾತು."

ಮಳೆ ಹಗುರಾಗಿತ್ತು. ವಾಹಿದಾ ಕೇಳಿದಳು, "ಅಲ್ರೀ ಅವ್ವಾರ, ಹರದ ದಾರ ಎಲ್ಲಿ ಹೋತು?"

"ನಾನೂ ದೀಪಾ ತಂದು ನೆಲ ಎಲ್ಲಾ ಹುಡುಕಿದೆ," ಎಂದರು ಬಸವಂತಮ್ಮ. "ಹಕ್ಕಿ ಬಿಟ್ರ ಅಂವ ದಾರ ಒಗೀತಾನೇನು ವಾಹಿದಾ? ಇನ್ನೊಂದು ಕೊರಳಿಗಿ ಬೇಕಾಗ್ತದಲ್ಲ ಅದು. ಹತ್ರ ಯಾರ ಕೈ ಇರ್ತದೋ..."

ಮಾತು ಅಲ್ಲಿಗೇ ಬಿಟ್ಟರು. ಅಷ್ಟರಲ್ಲಿ ಕರೆಂಟು ಬಂತು. ಗೋಡೆಯಾಚೆ ಗಿರಣಿ ಕೆಮ್ಮಿ ತಿರುಗತೊಡಗಿತು. ವೆಂಕಮ್ಮ ಎದ್ದು, ಗಂಜಿ ಬಿಸಿ ಮಾಡಿ ತರುತ್ತೇನೆ ಎಂದಳು.

"ಗಂಜಿ ಬ್ಯಾಡ," ಎಂದರು ಬಸವಂತಮ್ಮ. "ಇವತ್ತ ರೊಟ್ಟಿ ಹಾಕು ನನಗ."

ವಾಹಿದಾ ನಕ್ಕುಬಿಟ್ಟಳು. ನೋಡಬೇ, ಸೊಸಿ ಹೊಂಟ ಖುಷಿಗಿ ಅತ್ತಿಗಿ ಹಲ್ಲು ಬಂದ್ವು ಅಂದಳು. ನಗುತ್ತಲೇ ಕೊಡೆ ಬಿಚ್ಚಿಕೊಂಡು ಮನೆಗೆ ಹೋದಳು.

ಶಿವಗಂಗಾ ಬಲ್ಬಿನ ಬೆಳಕಿನಲ್ಲಿ ನೆಲ ನೋಡುತ್ತಿದ್ದಳು. ತಾನು ಝಾಡಿಸಿದ ದಾರ ಎಲ್ಲೂ ಇರಲಿಲ್ಲ. ಚಾಪೆ ಎತ್ತಿದಳು, ಸೀರೆಯ ನೆರಿಗೆ ಬಿಡಿಸಿದಳು. ಅತ್ತೆ ತೊಟ್ಟಿದ್ದ ಕುಪ್ಪಸದ ಬೆನ್ನಿನ ಹೊಲಿಗೆ ನೋಡಿದಳು. ಒಂದು ಎಳೆಯೂ ಬಿಟ್ಟಿರಲಿಲ್ಲ. ಬೆರಳನ್ನು ಮೂಗಿನ ಹತ್ತಿರ ಒಯ್ದಳು. ಹೊಳೆಯ ವಾಸನೆ.

"ಅತ್ತಿ, ನೀವು ಬೇಕಂತ ಆ ದಾರ ನನ್ನ ಕೈಲೆ ಹರಿಸಿದ್ರಿ."

ಬಸವಂತಮ್ಮ ಅವಳನ್ನು ನೋಡಿದರು. ಅವರ ಕಣ್ಣಲ್ಲಿ ನೀರು ಬಂದಂತಿತ್ತು. ಅದು ಯಾರಿಗಾಗಿ ಬಂದ ನೀರು ಎಂದು ಶಿವಗಂಗಾಳಿಗೆ ತಿಳಿಯಲಿಲ್ಲ.

"ನಾ ಹರಿ ಅನ್ಲಿಲ್ಲವ್ವಾ. ಚುಚ್ಚಾಕತ್ತದ ಅಂದೆ ಅಷ್ಟ. ಅವರೂ ನನಗ ಹರಿ ಅಂದಿರಲಿಲ್ಲ... ಬೆನ್ನು ತಿರುಗಿಸಿ ಕುಂತಿದ್ರು."

ಶಿವಗಂಗಾ ಎದ್ದು ನಿಂತಳು. ಸೋಮವಾರ ನಾನು ದೇವದುರ್ಗಕ್ಕೆ ಹೋಗುವವಳೇ ಎಂದಳು. ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು.

"ಹೋಗು. ನಾ ಯಾಕ ತಡೀಲಿ? ಇಲ್ಲಿ ತುಂಗಭದ್ರಿ ಇತ್ತು, ಅಲ್ಲಿ ಕೃಷ್ಣಿ ಅದಾಳ. ಅಂವನ ದಾರಕ್ಕ ಯಾವ ಹೊಳಿ ಆದ್ರೇನು."

ವೆಂಕಮ್ಮ ಎರಡು ತಾಟು ತಂದಿಟ್ಟಳು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ. ಬಸವಂತಮ್ಮ ಅಂಗೈಯಷ್ಟು ಅಗಲದ ತುತ್ತು ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ, ನುಂಗಿದರು. ಮತ್ತೊಂದು ಮುರಿದರು. ಶಿವಗಂಗಾ ನಿಂತೇ ನೋಡಿದಳು. ಆಮೇಲೆ ಕೂತಳು. ತಾನು ದಿನಾ ಮುರಿಯುವಷ್ಟೇ ಮುರಿದಳು. ಬಾಯಿಗಿಟ್ಟು ಅಗಿದಳು. ಜೋಳದ ಸಿಹಿ ನಾಲಿಗೆಗೆ ಹತ್ತಿತು. ಇನ್ನೂ ಅಗಿದಳು. ಎದುರಿಗೆ ಕೂತ ಅತ್ತೆ ಅವಳ ಮುಖವನ್ನಲ್ಲ, ಗಂಟಲನ್ನು ನೋಡುತ್ತಿದ್ದರು.

"ಸಣ್ಣ ತುತ್ತು ಮಾಡ್ಕೋ, ಯವ್ವಾ," ಎಂದರು ಬಸವಂತಮ್ಮ. "ರೂಢಿ ಆಗ್ತದ."